ಸಣ್ಣ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ: ಪ್ರಬಂಧಕ್ಕೆ ಕರಾವಳಿಯ ವಿಷಯ ಹಿಡಿಯಬಹುದೇ?

ಕುಮಟಾ ವಿದ್ಯಾರ್ಥಿ:
ಕಲಾ ಇತಿಹಾಸದ ಎಂ.ಎ.ಗೆ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ವಿಭಾಗದಲ್ಲಿ ಇಬ್ಬರೇ ಅಧ್ಯಾಪಕರು. ಗ್ರಂಥಾಲಯದಲ್ಲಿ ಈ ವಿಷಯಕ್ಕೆ ಎರಡು ಕಪಾಟು, ಚಿತ್ರಗಳೆಲ್ಲ ಕಪ್ಪು-ಬಿಳುಪು. ಪಠ್ಯದಲ್ಲಿ ಮಾತ್ರ ಅಜಂತಾದಿಂದ ಯುರೋಪಿನವರೆಗೆ ಎಲ್ಲ ಇದೆ. ನಾಲ್ಕನೇ ಸೆಮಿಸ್ಟರಿಗೆ ಪ್ರಬಂಧ ಬರೆಯಬೇಕು. ರಜೆಯಲ್ಲಿ ಊರಿಗೆ ಬಂದಾಗ ಬನವಾಸಿಯ ಕದಂಬ ದೇವಾಲಯದ ಮೇಲೆ ಕೆಲಸ ಮಾಡೋಣ ಅಂದುಕೊಂಡಿದ್ದೇನೆ. ಸರಿಯೇ? ಚಿತ್ರಗಳ ಕೊರತೆಗೆ ಏನು ದಾರಿ? ಇಲ್ಲಿ ಓದಿ ನೆಟ್ (ಅಧ್ಯಾಪಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದೇ?

ಗ್ರಂಥಪಾಲಕಿ, ಶಿರಸಿ:
ಚಿತ್ರಗಳ ಬಗ್ಗೆ ಮೊದಲು. ಯುರೋಪಿನ ಭಾಗಕ್ಕೆ ದೊಡ್ಡ ವಸ್ತುಸಂಗ್ರಹಾಲಯಗಳ ಜಾಲತಾಣಗಳೇ ಸಾಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ 2017ರಿಂದ ಹಕ್ಕುಸ್ವಾಮ್ಯವಿಲ್ಲದ ತನ್ನ ಕೃತಿಗಳ ಚಿತ್ರಗಳನ್ನು ಮುಕ್ತವಾಗಿ ಕೊಡುತ್ತಿದೆ. ಕುಂಚದ ಗೆರೆ ಕಾಣುವಷ್ಟು ದೊಡ್ಡದಾಗಿ ಇಳಿಸಿಕೊಳ್ಳಬಹುದು. ಭಾರತದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ನೋಡಿ. ಇಂಗ್ಲಿಷಿನಲ್ಲಷ್ಟೇ ಹುಡುಕಬೇಡಿ, ಕನ್ನಡ ಲಿಪಿಯಲ್ಲೂ ಹುಡುಕಿ. ಕನ್ನಡದಲ್ಲಿ ಬರೆದ ಪಿಎಚ್.ಡಿ.ಗಳು ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ.

ಚಿತ್ರ ಸಿಕ್ಕರೆ ಓದು ಮುಗಿಯಲಿಲ್ಲ. ವಾರಕ್ಕೆ ಐದು ಕೃತಿ ಆರಿಸಿ. ಒಂದೊಂದನ್ನೂ ಇಪ್ಪತ್ತು ನಿಮಿಷ ನೋಡಿ, ಪುಸ್ತಕ ಮುಚ್ಚಿಟ್ಟು ಇನ್ನೂರು ಪದ ಬರೆಯಿರಿ: ವಸ್ತು, ಅಳತೆ, ಬೆಳಕು ಎಲ್ಲಿಂದ, ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ, ಯಾವುದು ಒಡೆದಿದೆ, ಯಾವುದು ಆಮೇಲೆ ಸೇರಿಸಿದ್ದು. 'ಸುಂದರ', 'ಭವ್ಯ' ಎರಡೂ ಪದ ಬರಬಾರದು. ಪರದೆಯ ಮೇಲೆ ಎಲ್ಲ ಚಿತ್ರವೂ ಒಂದೇ ಗಾತ್ರವಾಗಿ ಕಾಣುವುದರಿಂದ ಅಳತೆ ಬರೆಯುವುದನ್ನು ಬಿಡಬೇಡಿ. ಅಂಗೈಯಗಲದ ಕಿರುಚಿತ್ರವನ್ನೂ ಗೋಡೆಯಗಲದ ಭಿತ್ತಿಚಿತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ತಪ್ಪು ಆಗುವುದು ಇಲ್ಲೇ.

ನೆಟ್‌ನಲ್ಲಿ ನಿಮ್ಮದು ದೃಶ್ಯಕಲೆ, ವಿಷಯಸಂಖ್ಯೆ 79. ಎಂ.ಎ.ಯಲ್ಲಿ 55 ಶೇಕಡಾ ಬೇಕು, ಮೀಸಲು ವರ್ಗಗಳಿಗೆ 50. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಹಾಗಾಗಿ ಮೊದಲ ದಿನದಿಂದಲೇ ದೇವಾಲಯದ ಭಾಗಗಳನ್ನು ಹೇಳುವ ಪಟ್ಟಿಕೆ, ಕುಮುದ, ಕಪೋತದಂಥ ಪದಗಳಿಗೆ ಕನ್ನಡ-ಇಂಗ್ಲಿಷ್ ಎರಡು ಕಾಲಂ ಪಟ್ಟಿ ಇಟ್ಟುಕೊಳ್ಳಿ.

ಶಾಸನಾಸಕ್ತ:
ಬನವಾಸಿಯ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿನ ಮಧುಕೇಶ್ವರ ದೇವಸ್ಥಾನವನ್ನು ಇಡಿಯಾಗಿ 'ಕದಂಬ ದೇವಾಲಯ' ಎಂದು ಬರೆದರೆ ಮೊದಲ ಪುಟದಲ್ಲೇ ಪರೀಕ್ಷಕರು ನಿಲ್ಲಿಸುತ್ತಾರೆ. ಆ ಕಟ್ಟಡ ಶತಮಾನಗಟ್ಟಲೆ ಬೆಳೆದದ್ದು. ನುಣುಪಾಗಿ ಕಡೆದ ಕಂಬಗಳ ಮಂಟಪ ಬಹಳ ಈಚಿನದು, ಕಲ್ಲಿನ ಮಂಚ ಸೋದೆಯ ಅರಸರ ಕಾಲದ್ದು. ಅದೇ ಆವರಣದ ನಾಗಶಿಲೆ ಕದಂಬರಿಗಿಂತ ಹಿಂದಿನದು, ಚುಟು ಶಾತಕರ್ಣಿಗಳ ಕಾಲದ್ದು. ಅದರ ಪ್ರಾಕೃತ ಬರಹದಲ್ಲಿ ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ. ಅಷ್ಟು ಹಳೆಯ ಕಾಲದ ಶಿಲ್ಪಿಯ ಹೆಸರು ಕಲ್ಲಿನ ಮೇಲೆ ಉಳಿದಿರುವುದೇ ಅಪರೂಪ. ಕಲಾ ಇತಿಹಾಸ ಓದುವವರು ಅದನ್ನು ನೋಡದೆ ಬರಬಾರದು. ಬನವಾಸಿಯೇ ಬೇಕೆಂದರೆ 'ಯಾವ ಭಾಗ ಯಾವಾಗಿನದು' ಎಂಬುದನ್ನೇ ಪ್ರಶ್ನೆ ಮಾಡಿಕೊಳ್ಳಿ. ಆದರೆ ಒಂದು ಸೆಮಿಸ್ಟರಿಗೆ ಅದು ಭಾರ.

ಅಳತೆಗೆ ಸಿಗುವ ಗಾತ್ರದ ಕಟ್ಟಡ ಭಟ್ಕಳದಲ್ಲಿದೆ. 16ನೇ ಶತಮಾನದ ಖೇತಪೈ ನಾರಾಯಣ ದೇವಾಲಯದಲ್ಲಿ ಮಾಡಿನ ಇಳಿಜಾರು, ಪಕ್ಕದ ಜಾಲಂಧ್ರ (ಜಾಲರಿ ಕಿಟಕಿ) ಎಲ್ಲ ಮರಗೆಲಸದ ರೀತಿಯವು, ಆದರೆ ಕಲ್ಲಿನಲ್ಲಿ. ಮಳೆನಾಡಿನ ಬಡಗಿಯ ಜಾಣ್ಮೆ ಕಲ್ಲಿಗೆ ಬರುವಾಗ ಏನು ಉಳಿಯಿತು, ಏನು ಬದಲಾಯಿತು ಎಂದು ಕೇಳಿದರೆ ಒಳ್ಳೆಯ ಪ್ರಬಂಧ.

ನಕ್ಷೆಗೆ ಇಬ್ಬರು ಬೇಕು. 30 ಮೀಟರ್ ಟೇಪು, 5 ಮೀಟರ್ ಸ್ಟೀಲ್ ಟೇಪು, ತೂಗುಗುಂಡು. ಗೋಡೆಯ ಒಂದು ಮೂಲೆಯಲ್ಲಿ ಟೇಪನ್ನು ಸೊನ್ನೆಗೆ ಹಿಡಿದು ಕಂಬ, ಬಾಗಿಲು, ಗೂಡುಗಳ ಅಳತೆಯನ್ನೆಲ್ಲ ಅದೇ ಸೊನ್ನೆಯಿಂದ ಓದುತ್ತಾ ಹೋಗಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಒಂದೊಂದು ತುಂಡಿನ ತಪ್ಪೂ ಸೇರಿ ಕೊನೆಗೆ ಗೋಡೆ ಕೂಡುವುದಿಲ್ಲ. ಪ್ರತಿ ಅಂಕಣಕ್ಕೂ (ನಾಲ್ಕು ಕಂಬಗಳ ನಡುವಿನ ಚೌಕ) ಮೂಲೆಯಿಂದ ಮೂಲೆಗೆ ಎರಡು ಅಳತೆ ಕಡ್ಡಾಯ. ಹಳೆಯ ಕಟ್ಟಡದಲ್ಲಿ ಮೂಲೆಮಟ್ಟ ಸರಿಯಿದೆ ಎಂದು ನಂಬಬೇಡಿ. ಗ್ರಾಫ್ ಹಾಳೆಯಲ್ಲಿ 1:50ರಂತೆ ಅಲ್ಲೇ ಬಿಡಿಸಿ. ಮನೆಗೆ ಬಂದು ಬಿಡಿಸುತ್ತೇನೆ ಅಂದರೆ ಬಿಟ್ಟುಹೋದ ಅಳತೆಗೆ ಮತ್ತೆ ಬಸ್ಸು ಹತ್ತಬೇಕು.

ಗಾರೆ-ಕಾವಿ:
ಮೇಲಿನದು ಸರಿ. ಆದರೂ ಕುಮಟಾದವರಿಗೆ ನನ್ನ ಸಲಹೆ ಕಾವಿ ಕಲೆ, ಅಂದರೆ ಗೋಡೆಯ ಕೆಂಪು ಲೇಪವನ್ನು ಕೆರೆದು ಬಿಳಿಯಲ್ಲಿ ಮೂಡಿಸುವ ಚಿತ್ರ. ಭಟ್ಕಳದ ಕಲ್ಲು ಇನ್ನೂ ಇರುತ್ತದೆ, ಕಾವಿ ಗೋಡೆ ಮುಂದಿನ ಜೀರ್ಣೋದ್ಧಾರದ ತನಕ ಮಾತ್ರ.

ಕೆಲಸದ ಕ್ರಮ ಗೊತ್ತಿದ್ದರೆ ಗೋಡೆ ಓದುವುದು ಸುಲಭ. ಚಿಪ್ಪು ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಹುಳಿಯಲು ಬಿಟ್ಟು, ಕುಟ್ಟಿ ನಯಮಾಡಿ ಗೋಡೆಗೆ ಗಿಲಾವು. ಅದರ ಮೇಲೆ ಹುರಮಂಜಿಯ (ಕೆಮ್ಮಣ್ಣಿನ ಬಣ್ಣ) ಕೆಂಪು ಲೇಪ. ಹಸಿ ಇರುವಾಗಲೇ ಉಕ್ಕಿನ ಕಂಟದಿಂದ (ಮೊನಚು ಕಡ್ಡಿ) ಕೆಂಪನ್ನು ಕೆರೆದರೆ ಅಡಿಯ ಬಿಳಿ ಕಾಣುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಷ್ಟು ಬಾಳಿಕೆ. ಗೋಡೆ ಒಣಗಿದ ಮೇಲೆ ಕೆರೆದರೆ ಗೆರೆಯ ಅಂಚು ಚಕ್ಕೆಯೇಳುತ್ತದೆ, ತೀರಾ ಹಸಿಯಿದ್ದರೆ ಕೆಂಪು ಬಿಳಿಗೆ ಇಳಿಯುತ್ತದೆ.

ನಿಜವಾದ ಕಾವಿಯೋ, ಕೆಂಪು ಪೇಂಟಿನ ಅನುಕರಣೆಯೋ ಎಂದು ತಿಳಿಯಲು ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಪಕ್ಕದಿಂದ ಹಿಡಿಯಿರಿ. ಬಿಳಿ ಭಾಗ ಕೆಂಪಿಗಿಂತ ತಗ್ಗಿನಲ್ಲಿದ್ದು ಅಂಚಿನಲ್ಲಿ ನೆರಳು ಬಿದ್ದರೆ ಕಾವಿ. ಸಮತಟ್ಟಾಗಿದ್ದರೆ ಬಣ್ಣ ಬಳಿದದ್ದು. ವೃತ್ತದ ಅಲಂಕಾರವಿದ್ದರೆ ನಟ್ಟನಡುವೆ ಕೈವಾರದ ಚುಕ್ಕೆ ಹುಡುಕಿ. ಮೇಲೆ ಆಯಿಲ್ ಪೇಂಟ್ ಬಿದ್ದಿದೆಯೇ, ಒಡೆದಲ್ಲಿ ಸಿಮೆಂಟ್ ಮೆತ್ತಿದ್ದಾರೆಯೇ ಅದನ್ನೂ ಬರೆದುಕೊಳ್ಳಿ. ಸಿಮೆಂಟ್ ಗೋಡೆಯ ಪಸೆಯನ್ನು ಹೊರಗೆ ಬಿಡುವುದಿಲ್ಲ. ಪಸೆ ಪಕ್ಕದ ಸುಣ್ಣದ ಗಿಲಾವಿಗೆ ಸರಿದು, ಉಪ್ಪು ಕಟ್ಟಿ, ಉಳಿದಿದ್ದ ಚಿತ್ರವೂ ಉದುರುತ್ತದೆ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಿಂದ ಶುರುಮಾಡಿ ಕಣ್ಣು ಪಳಗಿಸಿ, ಆಮೇಲೆ ಅಂಕೋಲಾ, ಕುಮಟಾ ಕಡೆಯ ಚಿಕ್ಕ ದೇವಸ್ಥಾನಗಳಿಗೆ ಹೋಗಿ. ಹತ್ತು ಗೋಡೆ ಸಾಕು. ಪ್ರತಿ ಗೋಡೆಗೂ ಇಡೀ ಗೋಡೆಯ ಒಂದು ಫೋಟೊ, ಒಂದೊಂದು ಚೌಕದ ಫೋಟೊ, ಚೌಕದ ಪಕ್ಕ ಅಳತೆಪಟ್ಟಿ. ಟ್ರೇಸಿಂಗ್ ಹಾಳೆ ಒತ್ತಿ ನಕಲು ತೆಗೆಯಬೇಡಿ, ಸಡಿಲ ಗಿಲಾವು ಹಾಳೆಯ ಜೊತೆಗೇ ಬರುತ್ತದೆ. ಫೋಟೊದ ಮೇಲೆ ಬಿಡಿಸಿದರಾಯಿತು.

ಕುಮಟಾ ವಿದ್ಯಾರ್ಥಿ:
ತುಂಬಾ ಉಪಕಾರ. ಕಾವಿಯನ್ನೇ ಹಿಡಿಯುತ್ತೇನೆ. ಅನುಮತಿ ಯಾರನ್ನು ಕೇಳಬೇಕು? ಮಳೆಗಾಲದ ರಜೆಯಲ್ಲೇ ಶುರುಮಾಡಬಹುದೇ?

ಗಾರೆ-ಕಾವಿ:
ಊರಿನ ದೇವಸ್ಥಾನಗಳಲ್ಲಿ ಮೊಕ್ತೇಸರರನ್ನೂ ಭಟ್ಟರನ್ನೂ ಕೇಳಿ, ವಿಭಾಗದ ಪತ್ರ ಕೈಯಲ್ಲಿರಲಿ. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಬನವಾಸಿ, ಭಟ್ಕಳದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ, ಶಾಸನದ ಪಡಿಯಚ್ಚಿಗೆ (ಕಾಗದ ಒತ್ತಿ ತೆಗೆಯುವ ನಕಲು) ಮೊದಲೇ ಅನುಮತಿ ಬೇಕು. ಧಾರವಾಡ ವಲಯ ಕಚೇರಿಗೆ ಬರೆಯಿರಿ.

ಮಳೆಗಾಲದಲ್ಲಿ ಕ್ಯಾಮೆರಾ ಕೆಲಸ ಬೇಡ. ಗೋಡೆ ಪಸೆ ಹೀರಿ ಕೆಂಪು ಕಪ್ಪಾಗಿ ಕಾಣುತ್ತದೆ, ಬಣ್ಣದ ದಾಖಲೆಯೇ ತಪ್ಪಾಗುತ್ತದೆ. ಆ ರಜೆಯಲ್ಲಿ ದೇವಸ್ಥಾನಗಳ ಪಟ್ಟಿ, ಮಾತುಕತೆ, ಅನುಮತಿ ಮುಗಿಸಿ. ಯಾವ ಗೋಡೆ ಎಲ್ಲಿ ಸೋರುತ್ತದೆ ಎಂದು ಗುರುತು ಹಾಕಿಕೊಳ್ಳಲು ಮಾತ್ರ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಫೋಟೊ ಡಿಸೆಂಬರ್, ಜನವರಿಯಲ್ಲಿ ತೆಗೆಯಿರಿ. ಯಾವ ದೇವಸ್ಥಾನದಲ್ಲಾದರೂ ಈ ವರ್ಷವೇ ಜೀರ್ಣೋದ್ಧಾರ ಎಂಬ ಮಾತು ಕಿವಿಗೆ ಬಿದ್ದರೆ ಕಾಯಬೇಡಿ, ಮಳೆಯಲ್ಲೇ ಹೋಗಿ ಸಿಕ್ಕಷ್ಟು ತೆಗೆದುಕೊಂಡು ಬನ್ನಿ.