ಜನವರಿಗೆ ಬರ್ಕ್ಲಿ, ಆಗಸ್ಟಿಗೆ ಓಲೋನಿ

ಅಕ್ಕಾ, ಮೊದಲು ಅಭಿನಂದನೆ. ಮಗನಿಗೆ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಸೀಟು ಸಿಕ್ಕಿದೆ, ಆಗಸ್ಟಿಗಲ್ಲ ಜನವರಿಗೆ ಅನ್ನೋದು ಆಮೇಲಿನ ಮಾತು. ಜನವರಿ ತನಕ ಅವನು ಏನು ಮಾಡೋದು, ಯಾವ ಕಾಲೇಜಿಗೆ ಹಾಕೋದು ಅಂತ ನೀವು ಈ ಗುಂಪಿನಲ್ಲಿ ಬರೆದದ್ದು ಓದಿದರೆ ಮನೆಯಲ್ಲಿ ಸೂತಕ ಇದ್ದ ಹಾಗಿದೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡ್ತಿದ್ದೀನಿ.

ನಮ್ಮ ಮಗಳೂ ಸ್ಪ್ರಿಂಗ್ ಅಡ್ಮಿಟ್, ಅಂದರೆ ಜನವರಿಯ ಸೆಮಿಸ್ಟರಿಗೆ ಸೇರಿದವಳು. ಮೈಸೂರಿಂದ ನಮ್ಮ ಅತ್ತೆ ಫೋನ್ ಮಾಡಿ, "ಎಲ್ಲರ ಜೊತೆ ಯಾಕೆ ಸೇರಿಸಿಕೊಳ್ಳಲಿಲ್ಲ, ಸಪ್ಲಿಮೆಂಟರಿನಾ?" ಅಂತ ಕೇಳಿದ್ದರು. ಸಿಇಟಿ ರ‍್ಯಾಂಕು, ಎರಡನೇ ಸುತ್ತಿನ ಸೀಟು ಅಂತಲೇ ಯೋಚಿಸಿ ಅಭ್ಯಾಸವಾದ ನಮ್ಮ ಜನಕ್ಕೆ ಇದು ಹಾಗೇ ಕಾಣುತ್ತೆ. ಆದರೆ ಇಲ್ಲಿ ಲೆಕ್ಕ ಬೇರೆ. ಡಿಸೆಂಬರಿನಲ್ಲಿ ಒಂದಷ್ಟು ಜನ ಡಿಗ್ರಿ ಮುಗಿಸಿ ಹೋಗ್ತಾರೆ, ಇನ್ನಷ್ಟು ಜನ ಹೊರದೇಶದಲ್ಲಿ ಸೆಮಿಸ್ಟರ್ ಮಾಡೋಕೆ ಹೊರಡ್ತಾರೆ. ಹಾಗೆ ಖಾಲಿಯಾಗುವ ಜಾಗವನ್ನು ಯೂನಿವರ್ಸಿಟಿ ಮೊದಲೇ ಲೆಕ್ಕ ಹಾಕಿ ಜನವರಿಗೆ ಮಕ್ಕಳನ್ನು ಕರೆಯುತ್ತೆ. 2022ರಲ್ಲಿ ಬರ್ಕ್ಲಿಯ ನೆರೆಹೊರೆಯವರು ಹಾಕಿದ್ದ ಕೇಸಿನಿಂದ ವಿದ್ಯಾರ್ಥಿಗಳ ಸಂಖ್ಯೆಗೇ ಕೋರ್ಟು ಮಿತಿ ಹಾಕಿತ್ತಲ್ಲ, ಆಗ ಯೂನಿವರ್ಸಿಟಿ ಮುಂದಿಟ್ಟ ದಾರಿಗಳಲ್ಲಿ ಜನವರಿ ಪ್ರವೇಶವೂ ಒಂದು. ಆಮೇಲೆ ಮಾರ್ಚಿನಲ್ಲೇ ಶಾಸನಸಭೆ ಹೊಸ ಕಾನೂನು ತಂದು ಅದನ್ನು ಸರಿಮಾಡಿತು. ಅಂದರೆ ಇದು ಜಾಗದ ಪ್ರಶ್ನೆ, ಹುಡುಗನ ಬುದ್ಧಿಯ ಪ್ರಶ್ನೆ ಅಲ್ಲ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಯಾವ ತಿಂಗಳು ಸೇರಿದ ಅಂತ ಬರೆಯೋದಿಲ್ಲ.

ಈಗ ಆಗಸ್ಟಿನಿಂದ ಡಿಸೆಂಬರ್ ತನಕ ಏನು ಮಾಡೋದು ಅನ್ನೋ ಪ್ರಶ್ನೆ. ಬರ್ಕ್ಲಿಯ ಎಕ್ಸ್‌ಟೆನ್ಷನ್ ವಿಭಾಗ ಇಂಥ ಮಕ್ಕಳಿಗೆಂದೇ ಒಂದು ಫಾಲ್ ಪ್ರೋಗ್ರಾಂ ನಡೆಸುತ್ತಿತ್ತು, ಈಗಲೂ ಇದೆಯಾ ಅಂತ ವಿಚಾರಿಸಿ. ಅಲ್ಲೇ ಇದ್ದು ಸ್ನೇಹಿತರನ್ನು ಮಾಡಿಕೊಳ್ಳಬೇಕು ಅಂದರೆ ಅದು ಒಳ್ಳೆಯದೇ, ಆದರೆ ಫೀಸಿನ ಜೊತೆ ಬಾಡಿಗೆಯೂ ಸೇರುತ್ತೆ. ಕಮ್ಯುನಿಟಿ ಕಾಲೇಜಾದರೆ, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜಾದರೆ, ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಸೆಮಿಸ್ಟರ್ ಲೆಕ್ಕದ ಒಂದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ) 46 ಡಾಲರ್. ಹನ್ನೆರಡು ಯೂನಿಟ್ ತಗೊಂಡರೂ 552, ಮೇಲೆ ಆರೋಗ್ಯ, ಪಾರ್ಕಿಂಗ್ ಅಂತ ಚಿಲ್ಲರೆ. ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸಗಾರರ) ಮಕ್ಕಳೂ ಇಲ್ಲಿ ರೆಸಿಡೆನ್ಸಿಗೆ, ಅಂದರೆ ರಾಜ್ಯದ ನಿವಾಸಿಗಳ ಫೀಸಿಗೆ, ಅರ್ಹರಾಗಬಹುದು. ಕಾಲೇಜಿನ ಅಡ್ಮಿಷನ್ಸ್ ಕಚೇರಿಗೆ ಕಾಗದ ಪತ್ರ ಸರಿಯಾಗಿ ತೋರಿಸಿ, ಇಲ್ಲದಿದ್ದರೆ ಹೊರರಾಜ್ಯದವರ ಫೀಸು ಹಾಕಿಬಿಡ್ತಾರೆ.

ಯಾವ ಕಾಲೇಜು ಅಂತ ಕೇಳಿದ್ದೀರಿ. ಕ್ಯುಪರ್ಟಿನೊ ಕಡೆಯವರೆಲ್ಲ ಕಣ್ಣುಮುಚ್ಚಿ ಡಿ ಆಂಜಾ ಅಂತಾರೆ. ಒಳ್ಳೆಯ ಕಾಲೇಜೇ. ಆದರೆ ಡಿ ಆಂಜಾ, ಫುಟ್‌ಹಿಲ್ ಎರಡೂ ಕ್ವಾರ್ಟರ್ ಪದ್ಧತಿಯವು, ಅಂದರೆ ಪಾಠದ ಅವಧಿ ಸೆಮಿಸ್ಟರಿಗಿಂತ ಚಿಕ್ಕದು, ಬರ್ಕ್ಲಿ ಸೆಮಿಸ್ಟರ್. ಕ್ವಾರ್ಟರಿನ ಒಂದು ಯೂನಿಟ್ ಸೆಮಿಸ್ಟರಿನ ಮೂರನೇ ಎರಡು ಪಾಲು ಮಾತ್ರ. ಅಲ್ಲಿ ಕ್ಯಾಲ್ಕುಲಸ್ಸನ್ನು ನಾಲ್ಕು ತುಂಡು ಮಾಡಿ ಕಲಿಸ್ತಾರೆ. ನಿಮ್ಮ ಮಗನಿಗೆ ಸಿಗೋದು ಒಂದೇ ಕ್ವಾರ್ಟರ್, ಹಾಗಾಗಿ ಒಂದು ತುಂಡು ಮುಗಿಸಿಕೊಂಡು ಹೋದರೆ ಆ ಕಡೆಯ ಪೂರ್ತಿ ಕೋರ್ಸಿಗೆ ಅದು ಸಮ ಆಗದೇ ಇರಬಹುದು. ಓಲೋನಿ, ಮಿಷನ್, ಶಾಬೋ, ಲಾಸ್ ಪೊಸಿಟಾಸ್ ಇವೆಲ್ಲ ಸೆಮಿಸ್ಟರ್. ಫ್ರೀಮಾಂಟಿನಲ್ಲಿರುವ ನಿಮಗೆ ಓಲೋನಿ ಹೇಗೂ ಹತ್ತಿರ.

ಕೋರ್ಸ್ ಆರಿಸುವಾಗ ಪಕ್ಕದ ಮನೆಯವರ ಮಾತು ಬೇಡ, ನನ್ನ ಮಾತೂ ಬೇಡ. ಅಸಿಸ್ಟ್ ಡಾಟ್ ಆರ್ಗ್ ತೆರೆದು (ಇಲ್ಲಿನ ಯಾವ ಕೋರ್ಸು ಅಲ್ಲಿಯ ಯಾವುದಕ್ಕೆ ಸಮ ಅಂತ ತೋರಿಸುವ ಜಾಲತಾಣ), ಒಂದು ಕಡೆ ಕಮ್ಯುನಿಟಿ ಕಾಲೇಜು, ಇನ್ನೊಂದು ಕಡೆ ಬರ್ಕ್ಲಿ ಇಟ್ಟು, ಮೇಜರ್ (ಮುಖ್ಯ ವಿಷಯ) ಪ್ರಕಾರ ನೋಡಿ. ಪಟ್ಟಿ ಯಾವ ವರ್ಷದ್ದು ಅಂತಲೂ ಗಮನಿಸಿ. ಎಬಿ 1111 ಅಂತ ಕಾನೂನು ಬಂದ ಮೇಲೆ ರಾಜ್ಯದ ಕಮ್ಯುನಿಟಿ ಕಾಲೇಜುಗಳೆಲ್ಲ ಕೋರ್ಸುಗಳಿಗೆ ಒಂದೇ ನಂಬರು ಕೊಡ್ತಾ ಇವೆ. ಮೊದಲು ಎಷ್ಟೋ ಕಾಲೇಜುಗಳಲ್ಲಿ ಇಂಗ್ಲಿಷ್ 1ಎ ಅಂತಿದ್ದದ್ದು ಈಗ ಇಂಗ್ಲಿಷ್ ಸಿ1000. ಹಳಬರು ಹೇಳಿದ ನಂಬರು ಹುಡುಕ್ತಾ ಕೂತರೆ ಸಿಗೋದಿಲ್ಲ. ಎಪಿಯಲ್ಲಿ (ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಪಾಠ, ಪರೀಕ್ಷೆ) ಈಗಾಗಲೇ ಕ್ರೆಡಿಟ್ ಬಂದ ವಿಷಯವನ್ನೇ ಮತ್ತೆ ತಗೊಂಡರೆ ಎರಡು ಸಲ ಕ್ರೆಡಿಟ್ ಕೊಡೋದಿಲ್ಲ, ಅದನ್ನೂ ನೋಡಿಕೊಳ್ಳಿ. ಇನ್ನೊಂದು ವಿಷಯ: ಕಮ್ಯುನಿಟಿ ಕಾಲೇಜಿನ ಕೌನ್ಸೆಲರ್ ದಿನವಿಡೀ ನೋಡೋದು ಎರಡು ವರ್ಷ ಓದಿ ಟ್ರಾನ್ಸ್‌ಫರ್ ಆಗುವವರನ್ನು. ನಿಮ್ಮ ಮಗ ಹಾಗಲ್ಲ, ಅವನು ಆಗಲೇ ಫ್ರೆಶ್‌ಮನ್ ಆಗಿ ಆಯ್ಕೆಯಾದವನು. ಕೂತ ತಕ್ಷಣ ಅದನ್ನು ಹೇಳದಿದ್ದರೆ ಅವರು ಬೇರೆಯದೇ ಪಟ್ಟಿ ಕೊಟ್ಟು ಕಳಿಸ್ತಾರೆ.

ಕ್ಲಾಸುಗಳಿಗೆ ರಿಜಿಸ್ಟ್ರೇಷನ್ ಮಾಡಿಸೋದೇ ಇಲ್ಲಿ ನಿಜವಾದ ತಲೆನೋವು. ಈಗಾಗಲೇ ಅಲ್ಲಿ ಓದ್ತಿರುವವರಿಗೆ ಮೊದಲ ಸರದಿ, ಹೊಸಬರಿಗೆ ಕೊನೆಗೆ. ನಮ್ಮವಳು ಲಾಗಿನ್ ಆಗೋ ಹೊತ್ತಿಗೆ ಬೇಕಿದ್ದ ಗಣಿತದ ಕ್ಲಾಸು ಭರ್ತಿ, ವೇಟ್‌ಲಿಸ್ಟಿನಲ್ಲಿ ಹೆಸರು. ಮೊದಲ ದಿನವೇ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತಳು. ಮೇಷ್ಟ್ರು ಹಾಜರಿ ಕರೆದರು. ಬಾರದವರ ಹೆಸರು ಹೊಡೆದು ಹಾಕಿ, ವೇಟ್‌ಲಿಸ್ಟಿನವರನ್ನು ಒಬ್ಬೊಬ್ಬರಾಗಿ ಕರೆದು ಕ್ಲಾಸಿಗೆ ಸೇರಿಕೊಳ್ಳೋ ಆ್ಯಡ್ ಕೋಡ್ ಕೊಟ್ಟರು. ಗಂಡ ಹೆಂಡತಿ ಇಬ್ಬರೂ "ನಾವು ಈಮೇಲ್ ಮಾಡ್ತೀವಿ, ಫೋನ್ ಮಾಡ್ತೀವಿ" ಅಂತ ಹೊರಟಿದ್ದೆವು, ಅವಳು ಬೇಡವೇ ಬೇಡ ಅಂದಳು. ಹೈಸ್ಕೂಲು ಮುಗಿಯೋವರೆಗೂ ಅಪಾಯಿಂಟ್‌ಮೆಂಟ್ ಎಲ್ಲ ಅಮ್ಮನೇ ಮಾಡಿಕೊಟ್ಟ ಹುಡುಗಿ ತಾನೇ ಸಾಲಿನಲ್ಲಿ ನಿಂತು ಕೆಲಸ ಮಾಡಿಸಿಕೊಂಡು ಬಂದಳು. ಅವಳ ಪಕ್ಕದ ಬೆಂಚಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುತ್ತಿದ್ದ ಗೋಡೌನ್ ಕೆಲಸಗಾರನೊಬ್ಬ ಕೂರ್ತಿದ್ದ. ನಮ್ಮ ಮಕ್ಕಳಿಗೆ ಎಪಿ ಕ್ಲಾಸುಗಳಲ್ಲಿ ಇಂಥವರು ಸಿಗೋದಿಲ್ಲ.

ಈಗ ಒಂದು ಖಾರದ ಮಾತು. ನಮ್ಮವರಿಗೆ ಯೂನಿಟ್ ದಾಹ. "ಹೇಗೂ ಅಗ್ಗ, ಆರು ಕ್ಲಾಸ್ ಹಾಕಿಸಿ, ಮೂರು ವರ್ಷಕ್ಕೆ ಡಿಗ್ರಿ ಮುಗಿಸಲಿ" ಅನ್ನೋರು ಈ ಗುಂಪಿನಲ್ಲೇ ಇದ್ದಾರೆ. ದಯವಿಟ್ಟು ಕೇಳಬೇಡಿ. ಕಮ್ಯುನಿಟಿ ಕಾಲೇಜಿನಲ್ಲಿ ಬಂದ ಗ್ರೇಡು ಬರ್ಕ್ಲಿಯ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಸೇರೋದಿಲ್ಲ ನಿಜ, ಕ್ರೆಡಿಟ್ ಮಾತ್ರ ಬರುತ್ತೆ. ಆದರೆ ಮುಂದೆ ಮೆಡಿಕಲ್ ಅಂತೇನಾದರೂ ಯೋಚನೆ ಇದ್ದರೆ, ಮೆಡಿಕಲ್ ಕಾಲೇಜಿನವರು ಅವನು ಓದಿದ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯನ್ನೂ ಕೇಳ್ತಾರೆ. ಆರು ಕ್ಲಾಸಿನ ಭರದಲ್ಲಿ ಬಂದ ಒಂದು ಸಿ ಅಲ್ಲಿಯವರೆಗೂ ಹಿಂದೆ ಬರುತ್ತೆ. ಮೂರು ಸಾಕು ಅಂತ ನನ್ನ ಅಭಿಪ್ರಾಯ: ಮೇಜರಿಗೆ ಒಂದು, ಬರವಣಿಗೆಯದ್ದೋ ಬ್ರೆಡ್ತ್‌ದ್ದೋ (ಮೇಜರಿನ ಹೊರಗೆ ಕಡ್ಡಾಯವಾಗಿ ಓದಬೇಕಾದ ವಿಷಯದ್ದೋ) ಒಂದು, ಮೂರನೆಯದು ಅವನಿಗೆ ಖುಷಿಯಾದದ್ದು. ಕುಂಬಾರಿಕೆ ಆದರೂ ಪರವಾಗಿಲ್ಲ. ನಮ್ಮವಳು ಖಗೋಳ ತಗೊಂಡಿದ್ದಳು. ಉಳಿದ ಹೊತ್ತಿನಲ್ಲಿ ಟ್ಯೂಷನ್ ಹೇಳಿ ಕಾಸು ಮಾಡಿಕೊಂಡಳು, ಮೊದಲ ಸಲ ಬೈಯಿಸಿಕೊಳ್ಳದೆ ದಸರಾ ಗೊಂಬೆ ಕೂರಿಸೋಕೆ ನನಗೆ ಸಹಾಯ ಮಾಡಿದಳು.

ಇನ್ನು ಚಿಲ್ಲರೆ ಸಂಗತಿಗಳು. ಹಣಕಾಸಿನ ನೆರವು ಪಡೆಯುತ್ತಿದ್ದರೆ, ಒಂದೇ ಅವಧಿಗೆ ಎರಡು ಕಾಲೇಜಿನಿಂದ ಪಡೆಯೋಕೆ ಆಗಲ್ಲ. ಎಫ್ಎಎಫ್ಎಸ್‌ಎಯಲ್ಲಿ (ಕೇಂದ್ರ ಸರ್ಕಾರದ ನೆರವಿನ ಅರ್ಜಿ) ಎರಡೂ ಕಾಲೇಜಿನ ಹೆಸರು ಹಾಕಿ, ಯಾವ ಅವಧಿಗೆ ಯಾವುದು ಅಂತ ಇಬ್ಬರ ಕಚೇರಿಯಲ್ಲೂ ಬರೆಸಿಕೊಳ್ಳಿ. ಜನವರಿಯಲ್ಲಿ ಹಾಸ್ಟೆಲ್ ರೂಮು ಸಿಕ್ಕರೂ ರೂಮ್‌ಮೇಟ್ ಆಗಲೇ ನಾಲ್ಕು ತಿಂಗಳಿಂದ ಅಲ್ಲಿ ಬೇರೂರಿರ್ತಾರೆ. ಮೊದಲ ಎರಡು ವಾರ ಮಗನ ಫೋನು ಜಾಸ್ತಿ ಬರುತ್ತೆ, ಗಾಬರಿ ಆಗಬೇಡಿ. ಅಕ್ಟೋಬರಿನಲ್ಲೇ ಯಾವುದಾದರೂ ಶನಿವಾರ ಹೋಗಿ ಕ್ಯಾಂಪಸ್ಸಿನ ಸ್ನೇಹಿತರ ಜೊತೆ ಸುತ್ತಾಡಿ ಬರಲಿ, ಬಾರ್ಟ್ ರೈಲಿನಲ್ಲಿ ಹೋದರೆ ಆಯಿತು. ಡಿಸೆಂಬರಿನಲ್ಲಿ ಗ್ರೇಡು ಬಂದ ಕೂಡಲೇ ಅಧಿಕೃತ ಅಂಕಪಟ್ಟಿ ಕಳಿಸೋದು ಅವನ ಜವಾಬ್ದಾರಿ, ಕಾಲೇಜು ತಾನಾಗಿ ಕಳಿಸೋದಿಲ್ಲ. ಅಡ್ಮಿಷನ್ ಪತ್ರದಲ್ಲಿರುವ ಷರತ್ತುಗಳನ್ನು ಅವನ ಕೈಲೇ ಜೋರಾಗಿ ಓದಿಸಿ.

ಮಗನ ಮೇಜರ್ ಯಾವುದು, ಎಪಿಯಲ್ಲಿ ಏನೇನು ಬಂದಿದೆ ಅಂತ ಹಾಕಿ ಅಕ್ಕಾ. ಈ ವರ್ಷ ಓಲೋನಿಯಲ್ಲೋ ಶಾಬೋದಲ್ಲೋ ಮಕ್ಕಳನ್ನು ಸೇರಿಸಿದವರು ಇನ್ನೂ ಮೂರ್ನಾಲ್ಕು ಮನೆಯವರು ಇಲ್ಲಿದ್ದಾರೆ, ಸಂಜೆ ನೋಡಿ ಅವರೂ ಬರೀತಾರೆ.