ಹಲ್ಲುನೋವು, ದಂತವೈದ್ಯರು ಸಿಗುವುದು ಸೋಮವಾರ: ಅಲ್ಲಿಯವರೆಗೆ ಯಾವ ಮಾತ್ರೆ?

ಕೇಳಿದವರು: ಅಮ್ಮನಿಗೆ 61 ವರ್ಷ. ನಿನ್ನೆಯಿಂದ ಕೆಳದವಡೆಯ ಹಲ್ಲು ವಿಪರೀತ ನೋಯುತ್ತಿದೆ, ರಾತ್ರಿ ಕಣ್ಣು ಮುಚ್ಚಲಾಗಲಿಲ್ಲ. ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ದಂತವೈದ್ಯರು ಸೋಮವಾರ ಬರುತ್ತಾರೆ. ಅಲ್ಲಿಯವರೆಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಯಾವ ಮಾತ್ರೆ ಕೊಡಬಹುದು? ಅನುಭವವಿದ್ದವರು ತಿಳಿಸಿ.

ಔಷಧದಂಗಡಿಯಲ್ಲಿ ಕೆಲಸ ಮಾಡುವವರು: ಹಲ್ಲುನೋವೆಂದು ನಮ್ಮಲ್ಲಿಗೆ ಬರುವವರು ಹೆಸರು ಹಿಡಿದು ಕೇಳುವುದು ಕಾಂಬಿಫ್ಲಾಮ್. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ: ಐಬುಪ್ರೊಫೆನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ಹಲ್ಲುನೋವಿಗೆ ಈ ಜೋಡಿ ಚೆನ್ನಾಗಿ ಹಿಡಿಯುತ್ತದೆ, ಏಕೆಂದರೆ ಐಬುಪ್ರೊಫೆನ್ ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ನಿಮ್ಮ ತಾಯಿಯವರಿಗೆ ವೈದ್ಯರನ್ನು ಕೇಳದೆ ದಯವಿಟ್ಟು ಕೊಡಬೇಡಿ. ಐಬುಪ್ರೊಫೆನ್ ರಕ್ತದೊತ್ತಡವನ್ನು ಏರಿಸಬಲ್ಲದು. ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ತೊಂದರೆಯಾಗಬಹುದು. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಬೆರೆತಿದ್ದರೆ ಅಪಾಯ ಇನ್ನೂ ಹೆಚ್ಚು. ಹೊಟ್ಟೆಹುಣ್ಣು, ಆಸ್ತಮಾ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರೂ ಕೇಳಿಯೇ ತೆಗೆದುಕೊಳ್ಳಬೇಕು. ಡೆಂಗಿಯ ಶಂಕೆ ಇದ್ದರಂತೂ ಮುಟ್ಟಲೇಬಾರದು.

ಸದ್ಯಕ್ಕೆ ಪ್ಯಾರಾಸಿಟಮಾಲ್ ಕೊಡಿ. ಡೋಲೋ 650 ಆದರೆ ಒಂದು ಮಾತ್ರೆ, ಮುಂದಿನದಕ್ಕೆ ಆರು ಗಂಟೆಯ ಅಂತರ. ವಯಸ್ಕರಿಗೆ ದಿನದ ಮೇಲ್ಮಿತಿ 4 ಗ್ರಾಂ; ಹೀಗೆ ಕೊಟ್ಟರೆ 2.6 ಗ್ರಾಂ ಆಗುತ್ತದೆ. ಯಕೃತ್ತಿನ ಕಾಯಿಲೆ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ನೆಗಡಿಯ ಮಾತ್ರೆಗಳಲ್ಲೂ ಹೆಚ್ಚಾಗಿ ಪ್ಯಾರಾಸಿಟಮಾಲ್ ಇರುತ್ತದೆ, ಮನೆಯವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ.

ಇನ್ನೊಬ್ಬರು: ಮಾತ್ರೆಯನ್ನು ನುಂಗಲೇಬೇಕು, ಹಲ್ಲಿನ ಪಕ್ಕ ಇಡಬಾರದು. ನಮ್ಮ ದೊಡ್ಡಮ್ಮ ಆಸ್ಪಿರಿನ್ ಪುಡಿ ಮಾಡಿ ಒಸಡಿಗೆ ಒತ್ತಿಕೊಂಡು ಮಲಗಿದ್ದರು. ಬೆಳಿಗ್ಗೆ ಒಸಡು ಸುಟ್ಟು ಬಿಳಿ ಪೊರೆ ಎದ್ದಿತ್ತು, ಗಂಜಿ ಕುಡಿಯಲೂ ಕಷ್ಟಪಟ್ಟರು. ಲವಂಗದೆಣ್ಣೆಯೂ ನೇರವಾಗಿ ಹಚ್ಚಿದರೆ ಸುಡುತ್ತದೆ. ಒಂದು ಹನಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ, ಹತ್ತಿಯಲ್ಲಿ ಅದ್ದಿ ಹಲ್ಲಿನ ಕುಳಿಗಷ್ಟೇ ತಾಗಿಸಿ. ಅದರ ಯುಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಮಲಗುವಾಗ ತಲೆಯಡಿ ಎರಡು ದಿಂಬು ಇಡಿ, ರಾತ್ರಿಯ ಮಿಡಿತ ಕಡಿಮೆಯಾಗುತ್ತದೆ.

ಮತ್ತೊಬ್ಬರು: ಎರಡು ವರ್ಷಗಳ ಹಿಂದೆ ನಮ್ಮ ತಂದೆಗೆ ಹೀಗೆಯೇ ಆಗಿತ್ತು. ಮೂರನೆಯ ದಿನ ನೋವು ತಾನಾಗಿ ನಿಂತಿತು, ಗುಣವಾಯಿತೆಂದು ಸುಮ್ಮನಾದರು. ಒಳಗಿನ ನರ ಸತ್ತದ್ದರಿಂದ ನೋವು ನಿಂತಿತ್ತು, ಸೋಂಕು ಬೇರಿನ ತುದಿಯಲ್ಲಿ ಬೆಳೆಯುತ್ತಲೇ ಇತ್ತು. ಕೊನೆಗೆ ಬೇರುನಾಳ ಚಿಕಿತ್ಸೆಯೇ ಬೇಕಾಯಿತು. ಆದ್ದರಿಂದ ಮಾತ್ರೆಯಿಂದ ಹಾಯೆನಿಸಿದರೂ ಸೋಮವಾರ ಕರೆದುಕೊಂಡು ಹೋಗಿ. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಕೊಡಬೇಡಿ, ನರದ ಉರಿಯೂತದ ನೋವನ್ನು ಅದು ಇಳಿಸುವುದಿಲ್ಲ.

ಕೆನ್ನೆ ಅಥವಾ ಗಲ್ಲದ ಕೆಳಗೆ ಊತ ಹಬ್ಬಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಸೋಮವಾರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ಉಸಿರಾಟಕ್ಕೆ ತೊಡಕಾದರೆ, ಇಲ್ಲವೇ ದವಡೆಯ ನೋವಿನ ಜೊತೆ ಎದೆ ಬಿಗಿತ, ಬೆವರು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ; ಹೃದಯದ ತೊಂದರೆಯೂ ದವಡೆಯಲ್ಲಿ ನೋವಾಗಿ ಕಾಣಿಸಬಹುದು. ಅಮ್ಮನಿಗೆ ಈಗ ಊತವಿದೆಯೇ? ನೋಡಿ ತಿಳಿಸಿ.