‘ಬಾಯ್ಗಾವಲು’ ಅಂದರೆ ಅರ್ಥ ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಯೆಲ್ಲೋ ಲ್ಯಾಬ್ ಅನ್ನುವ ಹಳದಿ ಮೀನುಗಳಿವೆ. ಆಫ್ರಿಕಾದ ಮಲಾವಿ ಸರೋವರದವು, ಸಿಕ್ಲಿಡ್ ಅನ್ನುವ ಮೀನಿನ ಕುಟುಂಬಕ್ಕೆ ಸೇರಿದವು. (ಹುಬ್ಬಳ್ಳಿ ಅಂಗಡಿಯಲ್ಲಿ ‘ಚಿಕ್ಲಿಡ್’ ಅನ್ನಿ, ಬೇಗ ತಿಳಿಯುತ್ತದೆ.) ಹೋದ ವಾರ ಒಂದು ಹೆಣ್ಣು ಕಲ್ಲಿನ ಸಂದಿ ಹಿಡಿದು ಕೂತಿತು. ಹಾಕಿದ ಕಾಳು ಮುಖದ ಮುಂದೆಯೇ ಇಳಿದು ಹೋದರೂ ಮುಟ್ಟಲೊಲ್ಲದು. ಗದ್ದದ ಕೆಳಗೆ ಉಬ್ಬು. ಆಗಾಗ ದವಡೆ ಆಡಿಸಿ ಒಳಗಿದ್ದದ್ದನ್ನು ಹೊರಳಿಸುತ್ತಿತ್ತು. ಅವ್ವ ನೋಡಿ, “ಎಲಿ ಅಡಿಕಿ ಹಾಕ್ಕೊಂಡು ಕುಂತಂಗ ಐತಲ್ಲೋ” ಅಂದಳು. ಅಂಗಡಿಯ ಹುಡುಗನಿಗೆ ಫೋನು ಮಾಡಿದೆ. “ಏನೂ ಆಗಿಲ್ಲ ಬಿಡ್ರಿ ಸರ, ಆಕಿ ತತ್ತಿ ಹಿಡದಾಳ” ಅಂದ.

ಹೆಣ್ಣು ತತ್ತಿ ಇಟ್ಟ ಕೂಡಲೇ ಬಾಯಲ್ಲಿ ತುಂಬಿಕೊಳ್ಳುತ್ತದೆ. ಮಲಾವಿ ಸರೋವರದ ಎಷ್ಟೋ ಸಿಕ್ಲಿಡ್ ಜಾತಿಗಳ ಗಂಡಿಗೆ ಹೊಟ್ಟೆಯ ಹಿಂದೆ, ಬಾಲದ ಕಡೆ ಇರುವ ಕೆಳರೆಕ್ಕೆಯ ಮೇಲೆ ತತ್ತಿಯಂಥ ಚುಕ್ಕಿಗಳಿರುತ್ತವೆ. ಅವನ್ನೂ ಆರಿಸಲು ಹೆಣ್ಣು ಬಾಯಿ ಹಾಕಿದಾಗ ಗಂಡಿನ ವೀರ್ಯ ಬಾಯೊಳಗೆ ಹೋಗಿ ತತ್ತಿ ಫಲಿಸುತ್ತದೆ. ಮುಂದೆ ಸುಮಾರು 3 ವಾರ ಹೆಚ್ಚುಕಡಿಮೆ ಉಪವಾಸ. ಆಮೇಲೆ ಉಗುಳಿದರೆ ಈಜುವ ಮರಿಗಳೇ ಹೊರಗೆ ಬರುತ್ತವೆ.

ಈ ಕ್ರಿಯೆಗೆ ಕನ್ನಡದಲ್ಲಿ ಏನನ್ನೋಣ? ಮೊದಲು ‘ಬಾಯಿಕಾವು’ ಅಂತ ಬರೆದು ಹೊಡೆದು ಹಾಕಿದೆ. ಕೋಳಿ ಕಾವು ಕೂಡುವುದು ತತ್ತಿಗೆ ಮೈಬಿಸಿ ಕೊಡಲು. ಮೀನಿನ ಮೈ ನೀರಿನಷ್ಟೇ ಬಿಸಿ. ನಮ್ಮ ತೊಟ್ಟಿಯಲ್ಲಿ ಕಾವು ಕೊಡುತ್ತಿರುವುದು 26 ಡಿಗ್ರಿಗೆ ಇಟ್ಟ ಹೀಟರು. ಬಾಯೊಳಗೆ ತತ್ತಿಗೆ ಸಿಗುವುದು ಆಡುವ ನೀರು, ಉಸಿರು, ಮತ್ತೆ ತಿನ್ನುವವರಿಂದ ಮರೆ. ಆದರೆ ಕನ್ನಡದ ‘ಕಾಯ್’ ಧಾತುವಿಗೆ ಬಿಸಿಯಾಗು, ರಕ್ಷಿಸು ಅಂತ ಎರಡೂ ಅರ್ಥ ಇದೆಯಲ್ಲ. ಮೊದಲನೆಯದರಿಂದ ಕಾವು, ಎರಡನೆಯದರಿಂದ ಕಾವಲು. ಮೀನಿಗೆ ಒಪ್ಪುವುದು ಕಾವಲೇ.

ಪುರಾಣ ಹೇಳುವವರ ಬಾಯಲ್ಲಿ ಕೇಳಿದ್ದು ನೆನಪಾಯಿತು: ಹಕ್ಕಿ ಮುಟ್ಟಿ, ಆಮೆ ಮನಸ್ಸಿನಲ್ಲೇ ನೆನೆದು, ಮೀನು ನೋಡಿ ಮರಿ ಸಾಕುತ್ತದಂತೆ. ಏಂಜೆಲ್ ಮೀನಿನ ಮಟ್ಟಿಗೆ ಇದು ಅಷ್ಟೇನೂ ಸುಳ್ಳಲ್ಲ. ಜೋಡಿಯಾಗಿ ಎಲೆಯ ಮೇಲೆ ತತ್ತಿ ಅಂಟಿಸಿ, ರೆಕ್ಕೆಯಿಂದ ಗಾಳಿ ಹಾಕುವ ಹಾಗೆ ನೀರು ಬೀಸುತ್ತ, ಹತ್ತಿರ ಬಂದವರನ್ನು ಅಟ್ಟುತ್ತವೆ. ಅದು ಕಣ್ಗಾವಲು. ಹಾಗಾದರೆ ನನ್ನ ಹಳದಿ ಮೀನಿನದು ಬಾಯ್ಗಾವಲು!

ಒಂದು ತೊಡಕಿದೆ. ಕಣ್ಗಾವಲು ಅಂದರೆ ಕಣ್ಣಿನಿಂದ ಕಾವಲು, ಮೈಗಾವಲು ಅಂದರೆ ಮೈಗೆ ಕಾವಲು. ಬಾಯ್ಗಾವಲನ್ನು ‘ಬಾಯಿಗೆ ಕಾವಲು’ ಅಂತ ಓದಿದರೆ ನಾಲಿಗೆ ಹಿಡಿದು ಮಾತಾಡುವುದು ಅಂತಾಗುತ್ತದೆ. ನನ್ನ ಗೆಳೆಯನೊಬ್ಬ ಹಾಗೇ ಓದಿ ನಕ್ಕ. ‘ಮುಖಪೋಷಣೆ’ಯೇ ವಾಸಿ (ಸಂಸ್ಕೃತದಲ್ಲಿ ಮುಖ ಅಂದರೆ ಬಾಯಿಯೂ ಹೌದು) ಅಂತ ಅವನ ವಾದ. ನನಗೆ ಅದು ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಿನಂತೆ ಕೇಳಿಸುತ್ತದೆ.

ಇನ್ನೊಂದು. ಸಂತೆಯಲ್ಲಿ ಜಿಲೇಬಿ ಅಂತ ಮಾರುವ ತಿಲಾಪಿಯವೂ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದ ಮೊಸಾಂಬಿಕ್ ತಿಲಾಪಿಯದ ಹೆಣ್ಣೂ ಹೀಗೇ ಬಾಯಲ್ಲಿ ಮರಿ ಮಾಡುತ್ತದೆ. ಬಲೆಗೆ ಬಿದ್ದಾಗ ಅದರ ಬಾಯಿಂದ ತತ್ತಿ ಉದುರುವುದನ್ನು ಕಂಡವರು ಅದನ್ನು ಏನೋ ಒಂದು ಅಂದೇ ಇರಬೇಕು. ಹಾವೇರಿ ಕಡೆ ವರದಾ, ತುಂಗಭದ್ರಾ ದಂಡೆಯಲ್ಲಿ ಬಲೆ ಹಾಕುವವರು ಏನನ್ನುತ್ತಾರೆ? ಆ ಭಾಗದವರು ಯಾರಾದರೂ ಕೇಳಿ ಬರೆಯಿರಿ. ಒಳ್ಳೆಯ ಮಾತೊಂದು ಸಿಕ್ಕರೆ ನನ್ನದನ್ನು ಕೈಬಿಡುತ್ತೇನೆ.

ಅಂದಹಾಗೆ, ಅದೇ ಅಂಗಡಿಯ ಹುಡುಗ ಗಪ್ಪಿ ಮರಿ ಹಾಕಿದರೆ “ಈದೈತಿ” ಅನ್ನುತ್ತಾನೆ, ಎಮ್ಮೆಗೆ ಅಂದ ಹಾಗೆ. ಮೀನಿಗೆ ‘ಈಯು’ ಬಳಸುವುದನ್ನು ಬೇರೆ ಕಡೆಯೂ ಕೇಳಿದ್ದೀರಾ?